ಸಾಹಿತ್ಯ ಬೋಧನೆಯಲ್ಲಿ ವಿದ್ಯಾರ್ಥಿಯ ದಿನಚರಿ



ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟನ್ನು ಮುಂದಿರಿಸಿಕೊಂಡು ಕುಳಿತ ಭಾಷಾಧ್ಯಾಪಕನಿಗೆ ಒಂದು ಅನುಭವ ಆಗಿಯೇ ಆಗುತ್ತದೆ. ಅರುವತ್ತು ಮಂದಿ ಹುಡುಗರು ಒಂದೇ ಪದ್ಯವನ್ನು ಕುರಿತು ಬರೆದ ಅರುವತ್ತು ಉತ್ತರಗಳನ್ನು ಓದುತ್ತ ಹೋದಂತೆ, ಮೊದಲನೆಯದರಲ್ಲಿ ಕಂಡ ವಾಕ್ಯವೇ ಏಳನೆಯದರಲ್ಲಿಯೂ, ಏಳನೆಯದರ ವಿಶೇಷಣವೇ ಮೂವತ್ತನೆಯದರಲ್ಲಿಯೂ ಮರಳಿ ಮರಳಿ ತಲೆದೋರಿ, ತಾನು ಪೇಟೆಯಲ್ಲಿ ದೊರೆಯುವ ಒಂದೇ ಗೈಡನ್ನು ಅರುವತ್ತು ಸಲ ಓದುತ್ತಿರುವೆನೆಂಬ ಅರಿವು ಅವನಿಗೆ ಮೆಲ್ಲನೆ ಮೂಡುತ್ತದೆ. ಕವಿಯು ಪ್ರಕೃತಿಯ ರಮ್ಯತೆಯನ್ನು ಮನಮುಟ್ಟುವಂತೆ ವರ್ಣಿಸಿದ್ದಾನೆಂದು ಅರುವತ್ತು ಮಂದಿಯೂ ಬರೆದಿರುತ್ತಾರೆ. ಯಾರ ಮನಸ್ಸನ್ನು, ಯಾವ ಮಾತಿನಿಂದ, ಹೇಗೆ ಮುಟ್ಟಿತೆಂಬುದನ್ನು ಒಬ್ಬರೂ ಬರೆದಿರುವುದಿಲ್ಲ. ಮೂವತ್ತು ವರ್ಷಗಳಿಗೂ ಮಿಕ್ಕು ಮಲೆನಾಡಿನ ಪ್ರೌಢಶಾಲೆಗಳಲ್ಲಿ ಕನ್ನಡವನ್ನು ಬೋಧಿಸಿದ ನನ್ನನ್ನು ಬಹುಕಾಲ ಬಾಧಿಸಿದುದು ಈ ಕೊರತೆಯೇ.

ಈ ಹುಡುಗರು ಸೋಮಾರಿಗಳೆಂದು ತಿಳಿಯಬಾರದು. ಅವರು ಪಾಠವನ್ನು ಕೇಳಿದ್ದಾರೆ, ಬರೆಯಿಸಿದುದನ್ನು ಬರೆದುಕೊಂಡಿದ್ದಾರೆ, ರಾತ್ರಿ ನಿದ್ದೆಗೆಟ್ಟು ಕಂಠಸ್ಥ ಮಾಡಿದ್ದಾರೆ. ಜ್ಞಾನವನ್ನು ಅರಸುವವನಿಗೆ ಶ್ರವಣ, ಮನನ, ನಿದಿಧ್ಯಾಸನಗಳೆಂಬ ಮೂರು ಮೆಟ್ಟಿಲುಗಳನ್ನು ನಮ್ಮ ಹಿರಿಯರು ಹೇಳಿದ್ದಾರಷ್ಟೆ. ನಮ್ಮ ಶಾಲೆಗಳಲ್ಲಿ ಶ್ರವಣಕ್ಕೆ ವೇಳಾಪಟ್ಟಿಯಲ್ಲಿ ಪೀರಿಯಡ್ಡು ಉಂಟು. ಕೇಳಿದುದನ್ನು ಒಪ್ಪಿಸುವುದಕ್ಕೆ ಪರೀಕ್ಷೆಯ ದಿನವೂ ಗೊತ್ತಾಗಿದೆ. ನಡುವಣ ಮನನಕ್ಕೆ ಮಾತ್ರ ಸ್ಥಳವೂ ಇಲ್ಲ, ಹೊತ್ತೂ ಇಲ್ಲ. ಆ ಸ್ಥಳವನ್ನು ನೂರು ಪುಟದ ಒಂದು ನೋಟ್ ಪುಸ್ತಕದಲ್ಲಿಯೂ, ಆ ಹೊತ್ತನ್ನು ದಿನದ ಹತ್ತು ನಿಮಿಷಗಳಲ್ಲಿಯೂ ಕಲ್ಪಿಸಿಕೊಡಲು ಸಾಧ್ಯವೆಂಬುದೇ ಈ ಸಂಜೆ ನಾನು ತಮ್ಮಲ್ಲಿ ಅರಿಕೆ ಮಾಡಬೇಕೆಂದಿರುವ ವಿಷಯ.

ದಿನಚರಿಯೆಂದೊಡನೆ ಬೆಳಗ್ಗೆ ಎಷ್ಟು ಗಂಟೆಗೆ ಎದ್ದೆ, ಏನು ತಿಂದೆ, ಯಾರ ಮನೆಗೆ ಹೋದೆ ಎಂಬ ವಿವರಗಳ ಪಟ್ಟಿ ನೆನಪಿಗೆ ಬರುವುದು ಸಹಜ. ನಾನು ಹೇಳುತ್ತಿರುವುದು ಅದಲ್ಲ. ಹೃದಯದ ಗುಟ್ಟುಗಳನ್ನು ಬರೆದು ಬೀಗ ಹಾಕಿಡುವ ಖಾಸಗಿ ಪುಸ್ತಕವೂ ಅದಲ್ಲ; ಶಿಕ್ಷಕನು ಹೇಳಿದುದನ್ನು ಇಳಿಸಿಕೊಳ್ಳುವ ನೋಟ್ಸಂತೂ ಮೊದಲೇ ಅಲ್ಲ. ಓದಿದ ಪದ್ಯವೋ ಕಥೆಯೋ ತನ್ನೊಳಗೆ ಏನನ್ನು ಎಬ್ಬಿಸಿತು, ಎಲ್ಲಿ ಅರ್ಥವಾಗದೆ ನಿಂತಿತು, ಕಂಡ ಯಾವ ಮುಖವನ್ನು, ಕೇಳಿದ ಯಾವ ಮಾತನ್ನು ನೆನಪಿಗೆ ತಂದಿತು ಎಂಬುದನ್ನು, ತಪ್ಪು ಒಪ್ಪುಗಳ ಅಂಜಿಕೆಯನ್ನು ಬದಿಗಿಟ್ಟು, ವಿದ್ಯಾರ್ಥಿಯು ತನ್ನ ಮಾತಿನಲ್ಲಿ ತನಗಾಗಿ ಬರೆದುಕೊಳ್ಳುವ ಪುಸ್ತಕವದು. ಅಧ್ಯಾಪಕನು ಅದನ್ನು ಓದುತ್ತಾನೆ, ಓದಿ ಒಂದೆರಡು ಸಾಲು ಉತ್ತರ ಬರೆಯುತ್ತಾನೆ, ಅಂಕ ಕೊಡುವುದಿಲ್ಲ.

ಬರಹಗಾರರ ಜೀವನದಲ್ಲಿ ಇಂಥ ಪುಸ್ತಕವು ಮಾಡಿದ ಉಪಕಾರಕ್ಕೆ ನಿದರ್ಶನಗಳು ಹಲವಿವೆ. ಅಮೆರಿಕದ ಕಾನ್ಕರ್ಡ್ ಎಂಬ ಊರಿನಲ್ಲಿ, ಆಗತಾನೆ ಕಾಲೇಜು ಮುಗಿಸಿ ಬಂದಿದ್ದ ಇಪ್ಪತ್ತು ವರ್ಷದ ಹೆನ್ರಿ ಥೋರೋ ಎಂಬ ತರುಣನನ್ನು, ಈಗ ಏನು ಮಾಡುತ್ತಿರುವೆ, ದಿನಚರಿ ಬರೆಯುತ್ತಿರುವೆಯಾ ಎಂದು ಹಿರಿಯರೊಬ್ಬರು ಕೇಳಿದರು. ಕೇಳಿದವರು ಚಿಂತಕ ಎಮರ್ಸನ್ ಎಂಬುದು ವಿದ್ವಾಂಸರ ಊಹೆ. 1837ರ ಅಕ್ಟೋಬರ್ 22ರಂದು ಆ ಪ್ರಶ್ನೆಯನ್ನೇ ಬರೆದುಕೊಂಡು ಮೊದಲಾದ ಆತನ ದಿನಚರಿಯು 1861ರವರೆಗೆ, ಇಪ್ಪತ್ತನಾಲ್ಕು ವರ್ಷಗಳ ಕಾಲ, ಸುಮಾರು 20 ಲಕ್ಷ ಪದಗಳಷ್ಟು ಬೆಳೆಯಿತು. 1854ರಲ್ಲಿ ಪ್ರಕಟವಾದ ಆತನ ‘ವಾಲ್ಡನ್’ ಗ್ರಂಥದ ಎಷ್ಟೋ ಭಾಗಗಳು ಆ ಪುಟಗಳಲ್ಲಿ ಮೊಳೆತು, ತಿದ್ದುಪಡಿಗೊಂಡು, ಪುಸ್ತಕಕ್ಕೆ ಬಂದು ಸೇರಿದವು. ಹಿರಿಯನೊಬ್ಬನು ಕಿರಿಯನಿಗೆ ಕೇಳಿದುದು ಕೇವಲ ಒಂದು ಪ್ರಶ್ನೆ; ವಿಷಯವನ್ನು ಕೊಟ್ಟು ಪ್ರಬಂಧ ಬರೆಯೆಂದು ಅವನು ಹೇಳಲಿಲ್ಲವೆಂಬುದನ್ನು ನಾವು ಅಧ್ಯಾಪಕರು ಗಮನಿಸಬೇಕು.

ನಮ್ಮ ಕುವೆಂಪು ಅವರು ತಮ್ಮ ಆತ್ಮಕಥೆಯಾದ ‘ನೆನಪಿನ ದೋಣಿಯಲ್ಲಿ’ಯನ್ನು ರಚಿಸುವಾಗ ವಿದ್ಯಾರ್ಥಿದೆಸೆಯಲ್ಲಿ ಬರೆದಿಟ್ಟಿದ್ದ ದಿನಚರಿಯ ಪುಟಗಳನ್ನು ಎದುರಿಗಿಟ್ಟುಕೊಂಡರೆಂಬುದನ್ನು ಆ ಗ್ರಂಥವನ್ನು ಓದಿದವರೆಲ್ಲರೂ ಬಲ್ಲರು. ಮೈಸೂರಿನಲ್ಲಿ ಓದುತ್ತಿದ್ದ ತರುಣನೊಬ್ಬನು ಯಾವ ಪರೀಕ್ಷಕನನ್ನೂ ಮನಸ್ಸಿನಲ್ಲಿಟ್ಟುಕೊಳ್ಳದೆ ಬರೆದ ಪುಟಗಳು, ಅರ್ಧ ಶತಮಾನದ ತರುವಾಯ ಮಹಾಕವಿಯೊಬ್ಬನಿಗೆ ತನ್ನನ್ನು ತಾನು ಕಂಡುಕೊಳ್ಳುವ ಕನ್ನಡಿಯಾದವು.

ಇನ್ನೊಂದು ನಿದರ್ಶನವು ನಮ್ಮ ಇಂಗ್ಲಿಷ್ ತರಗತಿಗಳಿಗೆ ಸುಪರಿಚಿತವಾದ ಪದ್ಯವೊಂದಕ್ಕೆ ಸೇರಿದುದು. ವರ್ಡ್ಸ್‌ವರ್ತ್ ಕವಿಯ ಡ್ಯಾಫೊಡಿಲ್ ಹೂಗಳ ಪದ್ಯವನ್ನು ನಮ್ಮಲ್ಲಿ ತಲೆಮಾರುಗಳ ಮಕ್ಕಳು ಬಾಯಿಪಾಠ ಮಾಡಿದ್ದಾರೆ. 1802ರ ಏಪ್ರಿಲ್ 15ರಂದು ಅಲ್ಸ್‌ವಾಟರ್ ಸರೋವರದ ದಡದಲ್ಲಿ ಆ ಹೂಗಳನ್ನು ಕಂಡವನು ಕವಿಯೊಬ್ಬನೇ ಅಲ್ಲ. ತಂಗಿ ಡೊರೊಥಿ ಜೊತೆಯಲ್ಲಿದ್ದಳು. ಆಕೆ ತನ್ನ ದಿನಚರಿಯಲ್ಲಿ ಆ ದಿನದ ಬಿರುಗಾಳಿಯನ್ನೂ, ಮೊದಲು ಕಣ್ಣಿಗೆ ಬಿದ್ದ ನಾಲ್ಕಾರು ಹೂಗಳು ಮುಂದೆ ಮುಂದೆ ಹೋದಂತೆ ದಡದುದ್ದಕ್ಕೂ ಹಬ್ಬಿದುದನ್ನೂ, ದಣಿದವರಂತೆ ಕೆಲವು ಹೂಗಳು ಕಲ್ಲುಗಳ ಮೇಲೆ ತಲೆಯಿಟ್ಟು ಒರಗಿದುದನ್ನೂ ಬರೆದಿಟ್ಟಳು. ಕವಿತೆ ಹುಟ್ಟಿದುದು ಅದಾದ ಸುಮಾರು ಎರಡು ವರ್ಷಕ್ಕೆ, ಅಚ್ಚಾದುದು 1807ರಲ್ಲಿ. ದಿನಚರಿಯಲ್ಲಿ ಇಬ್ಬರಿದ್ದರೆ ಕವಿತೆಯಲ್ಲಿ ಕವಿ ಒಂಟಿ. ದಿನಚರಿಯಲ್ಲಿನ ದಣಿದ ಹೂಗಳಿಗೆ ಕವಿತೆಯಲ್ಲಿ ಎಡೆಯಿಲ್ಲ. ಈ ಎರಡನ್ನೂ ಅಕ್ಕಪಕ್ಕದಲ್ಲಿರಿಸಿ, ಕವಿ ಯಾವುದನ್ನು ಬಿಟ್ಟ, ಯಾವುದನ್ನು ಉಳಿಸಿಕೊಂಡ, ಏಕೆ ಎಂದು ಹುಡುಗರನ್ನು ಕೇಳಿದರೆ, ಕಾವ್ಯವು ಆಕಾಶದಿಂದ ಉದುರುವುದಿಲ್ಲ, ಕಂಡ ಕಾಣ್ಕೆಯಿಂದ ಆಯ್ದು ಕಟ್ಟಿದುದು ಎಂಬ ತತ್ತ್ವವು ಯಾವ ವ್ಯಾಖ್ಯಾನದ ನೆರವೂ ಇಲ್ಲದೆ ಅವರಿಗೆ ಮನದಟ್ಟಾಗುತ್ತದೆ.

ಇದು ಬರೆಯುವವರ ಮಾತಾಯಿತು. ಓದುವವರ ವಿಚಾರಕ್ಕೆ ಬರೋಣ. ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಐ. ಎ. ರಿಚರ್ಡ್ಸ್ ಅವರು ಕವಿಯ ಹೆಸರನ್ನು ಮುಚ್ಚಿಟ್ಟು ಕೆಲವು ಪದ್ಯಗಳನ್ನು ವಿದ್ಯಾರ್ಥಿಗಳಿಗೆ ಹಂಚಿ, ಒಂದು ವಾರ ಕಾಲಾವಕಾಶವಿತ್ತು, ತೋಚಿದುದನ್ನು ನಿಸ್ಸಂಕೋಚವಾಗಿ ಬರೆದುಕೊಡಿರೆಂದು ಕೇಳಿ, ಹಾಗೆ ಬಂದ ಬರಹಗಳನ್ನು ಪರಿಶೀಲಿಸಿ 1929ರಲ್ಲಿ ‘ಪ್ರ್ಯಾಕ್ಟಿಕಲ್ ಕ್ರಿಟಿಸಿಸಂ’ ಎಂಬ ಗ್ರಂಥವನ್ನು ಪ್ರಕಟಿಸಿದರು. ಓದುಗನ ಮನಸ್ಸಿನಲ್ಲಿ ಮೊದಲೇ ಸಿದ್ಧವಾಗಿರುವ ಭಾವಗಳು, ಪದ್ಯದ ಒಂದು ಮಾತು ತಗುಲಿದೊಡನೆ ತಾವೇ ತಾವಾಗಿ ಮುನ್ನುಗ್ಗಿ ಬಂದು, ಪದ್ಯವನ್ನು ಕಾಣಗೊಡದೆ ಅಡ್ಡ ನಿಲ್ಲುತ್ತವೆಂಬುದು ಅವರು ತೋರಿಸಿಕೊಟ್ಟ ಸತ್ಯಗಳಲ್ಲೊಂದು. ಸುಶಿಕ್ಷಿತರಾದ ಆ ತರುಣರ ಗತಿಯೇ ಹೀಗಾದರೆ, ಪದ್ಯವನ್ನು ಓದುವ ಮುನ್ನವೇ ಸಾರಾಂಶವನ್ನು ಓದಿಕೊಂಡು ಬರುವ ನಮ್ಮ ಹುಡುಗರ ಮಾತೇನು?

ನನ್ನ ತರಗತಿಯ ಒಂದು ಪ್ರಸಂಗವನ್ನು ಹೇಳುತ್ತೇನೆ. ಗೋವಿನ ಹಾಡನ್ನು ಅರಿಯದ ಕನ್ನಡಿಗನಿಲ್ಲ. ಹುಲಿಗೆ ಮಾತು ಕೊಟ್ಟು ಬಂದ ಪುಣ್ಯಕೋಟಿಯು ಕರುವಿಗೆ ಹಾಲೂಡಿಸಿ, ಅದನ್ನು ಒಡಹುಟ್ಟಿದವರಂತಿದ್ದ ಇತರ ಹಸುಗಳ ಕೈಗೊಪ್ಪಿಸಿ, ಹುಲಿಯ ಬಳಿಗೆ ಹಿಂದಿರುಗುವ ಕಥೆಯಿಂದ ನಾವು ಎತ್ತಿ ತೋರಿಸುವ ನೀತಿ ಒಂದೇ: ಸತ್ಯವನ್ನು ಬಿಡಬಾರದು. ಅಷ್ಟನ್ನು ಎಲ್ಲ ಮಕ್ಕಳೂ ಬರೆಯಬಲ್ಲರು. ಒಂದು ಜೂನ್ ತಿಂಗಳಿನಲ್ಲಿ ನಾನು ಪಾಠವನ್ನು ವಿವರಿಸುವ ಮೊದಲು ಹಾಡನ್ನು ಎರಡು ಸಲ ಓದಿ, ನಿಮ್ಮ ಮನಸ್ಸು ಯಾವ ಸಾಲಿನ ಬಳಿ ನಿಂತಿತೋ ಅದನ್ನು ಕುರಿತು ಬರೆಯಿರಿ ಎಂದೆ. ಹಿಂದಿನ ಸಾಲಿನಲ್ಲಿ ಕುಳಿತು ಎಂದೂ ಬಾಯಿಬಿಡದಿದ್ದ ಹುಡುಗಿಯೊಬ್ಬಳು ಸತ್ಯದ ಮಾತನ್ನೇ ಎತ್ತಲಿಲ್ಲ. ಕಾಫಿ ಕೊಯ್ಲಿನ ಕಾಲದಲ್ಲಿ ತಾಯಿಯು ದೂರದ ತೋಟದ ಕೆಲಸಕ್ಕೆ ಹೋಗುವಾಗ ತನ್ನನ್ನು ಚಿಕ್ಕಮ್ಮನ ಮನೆಯಲ್ಲಿ ಬಿಟ್ಟುಹೋಗುತ್ತಿದ್ದಳೆಂದೂ, ಚಿಕ್ಕಮ್ಮ ಕೆಟ್ಟವಳಲ್ಲವೆಂದೂ, ಆದರೂ ಆ ಮನೆಯ ಮಕ್ಕಳೊಡನೆ ಊಟಕ್ಕೆ ಕುಳಿತಾಗ ಇನ್ನೊಮ್ಮೆ ಬಡಿಸಿ ಎಂದು ಕೇಳಲು ತನಗೆ ಬಾಯಿ ಬರುತ್ತಿರಲಿಲ್ಲವೆಂದೂ, ಕರುವನ್ನು ಇತರ ಹಸುಗಳಿಗೆ ಒಪ್ಪಿಸುವ ಕಡೆಯಲ್ಲಿ ತನಗೆ ಅದೆಲ್ಲ ನೆನಪಾಯಿತೆಂದೂ ಆಕೆ ಬರೆದಿದ್ದಳು. ಎಷ್ಟೋ ವರ್ಷ ಆ ಹಾಡನ್ನು ಪಾಠ ಹೇಳಿದ್ದ ನಾನು, ಕರುವಿನ ಕಡೆಯಿಂದ ನಿಂತು ಅದನ್ನು ನೋಡಿದವನಲ್ಲ. ಹಾಡಿನಲ್ಲಿ ತಾಯಿಯು ಅಷ್ಟು ವಿವರವಾಗಿ ಬೇಡಿಕೊಳ್ಳುವುದೇಕೆಂಬುದು ಆ ಪುಟವನ್ನು ಓದಿದ ಮೇಲೆ ನನಗೆ ಹೊಳೆಯಿತು.

ಕೃತಿಯೊಂದು ಪುಸ್ತಕದೊಳಗೆ ಪೂರ್ಣವಾಗಿ ಸಿದ್ಧವಾಗಿ ಕುಳಿತಿರುವುದಿಲ್ಲ, ಓದುಗನೂ ಪಠ್ಯವೂ ಸಂಧಿಸಿದಲ್ಲಿ ಸಂಭವಿಸುತ್ತದೆ ಎಂಬ ವಿಚಾರವನ್ನು 1938ರಲ್ಲಿ ಪ್ರಕಟವಾದ ಗ್ರಂಥದಿಂದ ಮೊದಲುಗೊಂಡು ಅಮೆರಿಕದ ವಿದುಷಿ ಲೂಯಿಸ್ ರೋಸೆನ್‌ಬ್ಲಾಟ್ ಪ್ರತಿಪಾದಿಸುತ್ತ ಬಂದರು. ನಮಗೆ ಇದು ಹೊಸ ಮಾತಲ್ಲ. ಕಾವ್ಯಗಳ ಅನುಶೀಲನದ ಅಭ್ಯಾಸದಿಂದ ಯಾರ ಮನಸ್ಸೆಂಬ ಕನ್ನಡಿಯು ತಿಳಿಯಾಗಿದೆಯೋ ಅವನೇ ಸಹೃದಯನೆಂದು ಆಲಂಕಾರಿಕನಾದ ಅಭಿನವಗುಪ್ತನು ತನ್ನ ‘ಲೋಚನ’ ವ್ಯಾಖ್ಯಾನದಲ್ಲಿ ಹೇಳಿದ್ದಾನೆ, ತೀ. ನಂ. ಶ್ರೀಕಂಠಯ್ಯನವರು 1953ರ ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ಈ ಪರಂಪರೆಯನ್ನೆಲ್ಲ ಕನ್ನಡಿಗರಿಗೆ ತಿಳಿಗನ್ನಡದಲ್ಲಿ ಬಿಡಿಸಿಟ್ಟಿದ್ದಾರೆ. ಅಲ್ಲಿನ ‘ಅಭ್ಯಾಸ’ ಎಂಬ ಮಾತಿನ ಮೇಲೆ ನನ್ನ ಒತ್ತು. ಕನ್ನಡಿಯನ್ನು ದಿನದಿನವೂ ಒರಸಬೇಕು. ಅಧ್ಯಾಪಕನು ತನ್ನ ಕನ್ನಡಿಯನ್ನು ಎಷ್ಟೇ ಬೆಳಗಿಟ್ಟು ತಂದು ತೋರಿಸಿದರೂ ಹುಡುಗನ ಕನ್ನಡಿಯ ಧೂಳು ಹೋಗುವುದಿಲ್ಲ.

ಇನ್ನು ವಿಧಾನದ ವಿಷಯ. ಒಂದು ಪುಟದಲ್ಲಿ ಪಠ್ಯದಿಂದ ತನ್ನನ್ನು ತಡೆದು ನಿಲ್ಲಿಸಿದ ಮಾತನ್ನೋ ಕಂಡ ವಸ್ತುವಿನ ವಿವರವನ್ನೋ ಬರೆದುಕೊಂಡು, ಅದರ ಎದುರಿನ ಪುಟದಲ್ಲಿ ಆ ಬಗ್ಗೆ ತನ್ನ ಆಲೋಚನೆಯನ್ನು ಬರೆಯುವ ಕ್ರಮವೊಂದನ್ನು ಆ್ಯನ್ ಬರ್ತಾಫ್ ಎಂಬ ಅಮೆರಿಕದ ಅಧ್ಯಾಪಿಕೆ ಬಳಕೆಗೆ ತಂದರು. ಎರಡು ಪುಟಗಳೂ ಒಂದಕ್ಕೊಂದು ಸಂವಾದಿಸಬೇಕೆಂಬುದು ಅದರ ಆಶಯ. ಇದನ್ನು ನಾನು ನನ್ನ ತರಗತಿಗೆ ಹೊಂದಿಸಿಕೊಂಡೆ. ಎಡಪುಟ ಕವಿಗೆ, ಬಲಪುಟ ನಿಮಗೆ ಎಂದೆ. ಬಲಪುಟಕ್ಕೆ ಏನೂ ತೋಚದಿದ್ದರೆ, ಏಕೆ ತೋಚಲಿಲ್ಲ ಎಂಬುದನ್ನಾದರೂ ಬರೆಯಿರಿ ಎಂದೆ. ಒಂದು ವಾರದ ತರುವಾಯ ಅದೇ ಪುಟಕ್ಕೆ ಹಿಂದಿರುಗಿ, ಈಗ ಬೇರೆ ಏನಾದರೂ ಕಂಡರೆ ಅದನ್ನು ಕೆಳಗೆ ಸೇರಿಸಿರಿ, ಹಳೆಯದನ್ನು ಹೊಡೆದುಹಾಕಬೇಡಿರಿ ಎಂದೆ. ಈ ಕೊನೆಯ ನಿಯಮವೇ ಎಲ್ಲಕ್ಕಿಂತ ಮುಖ್ಯವಾದುದು. ಏಕೆಂದರೆ ತನ್ನ ಮನಸ್ಸು ಬದಲಾದುದನ್ನು ತಾನೇ ಕಾಣುವುದಕ್ಕೆ ಮೊದಲಿನ ಮನಸ್ಸಿನ ಗುರುತು ಉಳಿದಿರಬೇಕು.

ರಚನೆಯ ಬೋಧನೆಗೂ, ಎಂದರೆ ಪ್ರಬಂಧಲೇಖನಕ್ಕೂ, ಈ ಪುಸ್ತಕವು ಬೀಜದ ಕಣಜವಾಗುತ್ತದೆ. ‘ಮಳೆಗಾಲದ ಒಂದು ದಿನ’ ಎಂಬ ವಿಷಯವನ್ನು ಕೊಟ್ಟಾಗ ಕಾರ್ಮೋಡಗಳು ಕವಿಯುವುದೂ, ನವಿಲು ಗರಿಗೆದರುವುದೂ, ರೈತನ ಮುಖ ಅರಳುವುದೂ ತಪ್ಪದೆ ಬರುತ್ತವೆ. ಹಾಗೆ ಬರೆದಿದ್ದ ಹುಡುಗನೊಬ್ಬನ ದಿನಚರಿಯಲ್ಲಿಯೇ ಅದೇ ವಾರದ ಇನ್ನೊಂದು ಪುಟವಿತ್ತು. ಅಡಕೆಗೆ ಕೊಳೆರೋಗ ತಗುಲದಂತೆ ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಹೊಡೆಸಲು ಅವನ ತಂದೆ ಮರವೇರುವ ಕೊನೆಗೌಡನಿಗಾಗಿ ಮೂರು ದಿನ ಕಾದುದು, ಆತ ಬಂದ ದಿನ ಮಳೆ ಹೊಳವಾಗದೆ ಹೋದುದು, ಮಧ್ಯಾಹ್ನ ಅರೆಗಳಿಗೆ ಬಿಸಿಲು ಕಂಡು ಆತ ಮರವೇರಿದುದು, ಅರ್ಧ ತೋಟ ಮುಗಿಯುವಷ್ಟರಲ್ಲಿ ಮತ್ತೆ ಸುರಿದ ಮಳೆಗೆ ಹೊಡೆದ ಔಷಧಿಯೆಲ್ಲ ನೀಲಿಯಾಗಿ ಮರದ ಬೊಡ್ಡೆಯ ಮೇಲೆ ಇಳಿದುದು, ರಾತ್ರಿ ಊಟದ ಹೊತ್ತಿನಲ್ಲಿ ಅಪ್ಪ ಅಮ್ಮ ಇಬ್ಬರೂ ಒಂದು ಮಾತನ್ನೂ ಆಡದಿದ್ದುದು, ಇಷ್ಟೂ ಒಂದೂವರೆ ಪುಟದಲ್ಲಿತ್ತು. ಅವನನ್ನು ಕರೆದು, ಇದೇ ನಿನ್ನ ಮಳೆಗಾಲದ ದಿನವಲ್ಲವೇನಪ್ಪಾ ಎಂದು ಕೇಳಿದೆ. ‘ಇದನ್ನೆಲ್ಲ ಪ್ರಬಂಧದಲ್ಲಿ ಬರೆಯಬಹುದಾ ಸಾರ್?’ ಎಂದು ಅವನು ಅಚ್ಚರಿಪಟ್ಟ. ಬರೆಯಬಹುದೆಂದು ನಾವು ಅವನಿಗೆ ಅದುವರೆಗೆ ಹೇಳಿರಲಿಲ್ಲವೆಂಬುದು ನನಗೆ ನೋವಿನ ಸಂಗತಿಯಾಯಿತು.

ಇದು ನಮ್ಮ ನಾಡಿನ ದೋಷ ಮಾತ್ರವೂ ಅಲ್ಲ. ಲಂಡನ್ನಿನ ಜೇಮ್ಸ್ ಬ್ರಿಟನ್ ಮತ್ತು ಸಂಗಡಿಗರು, 11ರಿಂದ 18 ವರ್ಷ ವಯಸ್ಸಿನ ವಿದ್ಯಾರ್ಥಿಗಳು ಶಾಲೆಗಳಲ್ಲಿ ಬರೆದ ಸುಮಾರು 2000 ಬರಹಗಳನ್ನು ಸಂಗ್ರಹಿಸಿ ವಿಂಗಡಿಸಿ 1975ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಿಕ್ಷಕನನ್ನು ಪರೀಕ್ಷಕನೆಂದು ಭಾವಿಸಿ ಬರೆದವು ಬಹಳವೆಂದೂ, ಆಡುಮಾತಿಗೆ ಹತ್ತಿರವಾಗಿ, ಬರೆಯುತ್ತ ಬರೆಯುತ್ತ ಆಲೋಚಿಸುವಂಥ ಬರಹ ತೀರ ಸ್ವಲ್ಪವೆಂದೂ ಕಂಡುಬಂದಿತು. ಉಳಿದೆಲ್ಲ ಬಗೆಯ ಬರಹಕ್ಕೂ ಈ ಆಪ್ತಬರಹವೇ ತಾಯಿಬೇರೆಂಬುದು ಬ್ರಿಟನ್ನರ ಅಭಿಮತ. ಅದಕ್ಕೆ ನಾಲ್ಕು ವರ್ಷ ಮೊದಲು, 1971ರಲ್ಲಿ, ಅಮೆರಿಕದ ಜ್ಯಾನೆಟ್ ಎಮಿಗ್ ಅವರು ಎಂಟು ಮಂದಿ ಪ್ರೌಢ ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು, ಬರೆಯುವಾಗ ಮನಸ್ಸಿನಲ್ಲಿ ಹಾಯುವುದನ್ನೆಲ್ಲ ಗಟ್ಟಿಯಾಗಿ ಹೇಳುತ್ತ ಬರೆಯಿರೆಂದು ಕೇಳಿ, ಶಾಲೆಗಾಗಿ ಬರೆಯುವ ಬರಹಕ್ಕೂ ತನಗಾಗಿ ಬರೆಯುವ ಬರಹಕ್ಕೂ ಇರುವ ಅಂತರವನ್ನು ತೋರಿಸಿದ್ದರು. ತನಗಾಗಿ ಬರೆಯುವಾಗ ಹುಡುಗನು ನಿಲ್ಲುತ್ತಾನೆ, ಹಿಂದಿರುಗುತ್ತಾನೆ, ತಿದ್ದುತ್ತಾನೆ. ಶಾಲೆಗಾಗಿ ಬರೆಯುವಾಗ ಮುಗಿಸುವುದೊಂದೇ ಅವನ ಗುರಿ.

ಈ ಪದ್ಧತಿಗೆ ಎದುರಾಗುವ ಆಕ್ಷೇಪಗಳು ನಿರಾಧಾರವಾದುವಲ್ಲ. ಅರುವತ್ತು ಪುಸ್ತಕಗಳನ್ನು ಓದಲು ಹೊತ್ತೆಲ್ಲಿದೆಯೆಂಬುದು ಮೊದಲನೆಯದು. ದಿನಕ್ಕೆ 10 ಪುಸ್ತಕಗಳಂತೆ ವಾರದ 6 ದಿನಗಳಲ್ಲಿ 60 ಪುಸ್ತಕಗಳಾಗುತ್ತವೆ. ಒಂದೊಂದಕ್ಕೆ ಮೂರು ನಿಮಿಷವೆಂದರೂ ದಿನಕ್ಕೆ ಅರ್ಧ ಗಂಟೆ. ಎಲ್ಲವನ್ನೂ ಓದಬೇಕಾಗಿಲ್ಲ, ಆ ವಾರ ತನ್ನ ಮೇಷ್ಟ್ರು ಓದಲೇಬೇಕೆಂದು ವಿದ್ಯಾರ್ಥಿಯು ಗುರುತುಮಾಡಿದ ಒಂದು ಪುಟವನ್ನು ಓದಿದರೆ ಸಾಕು. ಕಾಗುಣಿತದ ತಪ್ಪುಗಳನ್ನು ಹಾಗೆಯೇ ಬಿಡುವುದೇ ಎಂಬುದು ಎರಡನೆಯದು. ದಿನಚರಿಯಲ್ಲಿ ಬಿಡಬೇಕು, ಅದರಿಂದ ಪ್ರಬಂಧವನ್ನು ಕಟ್ಟುವಾಗ ಬಿಡಬಾರದು. ಕೆಂಪು ಶಾಯಿಗೆ ಅದರದೇ ಆದ ಕಾಲವುಂಟು. ಮೊಳಕೆಯ ಕಾಲ ಅದಲ್ಲ. ಅಂಕವಿಲ್ಲದೆ ಹುಡುಗರು ಬರೆಯುತ್ತಾರೆಯೇ ಎಂಬುದು ಮೂರನೆಯದು. ‘ಇದಕ್ಕೆ ಎಷ್ಟು ಮಾರ್ಕ್ಸು ಸಾರ್?’ ಎಂಬ ಪ್ರಶ್ನೆ ನನಗೂ ಮೊದಲ ದಿನವೇ ಬಂದಿತು. ಆದರೆ ತಾನು ಬರೆದುದಕ್ಕೆ ಪ್ರತಿಯಾಗಿ ಹಿರಿಯನೊಬ್ಬನು ಎರಡು ಸಾಲು ನಿಜವಾದ ಉತ್ತರವನ್ನು ಬರೆದುದನ್ನು ಕಂಡ ಮೇಲೆ ಆ ಪ್ರಶ್ನೆಯನ್ನು ಮತ್ತೆ ಕೇಳಿದವರು ಬಹಳ ಕಡಿಮೆ. ಅಧ್ಯಾಪಕನೂ ಆ ಹತ್ತು ನಿಮಿಷ ಕುಳಿತು ತನ್ನದನ್ನು ಬರೆಯಬೇಕು. ತಾನು ಮಾಡದ ವ್ರತವನ್ನು ಇತರರಿಗೆ ಬೋಧಿಸಿದರೆ ಫಲವಿಲ್ಲ.

ನಾಲ್ಕನೆಯದಾದ ಗೌಪ್ಯದ ವಿಷಯದಲ್ಲಿ ಮಾತ್ರ ನಾನೇ ಅಪರಾಧಿಯಾಗಿ ಕಲಿತೆ. ಹುಡುಗನೊಬ್ಬನು ಬರೆದ ಪುಟವು ಅತಿ ಸೊಗಸಾಗಿದ್ದುದರಿಂದ ಸಂತೋಷದ ಭರದಲ್ಲಿ, ಅವನನ್ನು ಕೇಳದೆಯೇ, ಅದನ್ನು ತರಗತಿಗೆ ಓದಿ ಹೇಳಿದೆ. ಹೆಸರನ್ನು ಹೇಳದಿದ್ದರೂ ಎಲ್ಲರಿಗೂ ತಿಳಿಯಿತು. ಆ ಹುಡುಗನು ಮುಂದಿನ ಮೂರು ತಿಂಗಳು ತನ್ನ ಪುಸ್ತಕದಲ್ಲಿ ಪಾಠದ ಸಾರಾಂಶವನ್ನಲ್ಲದೆ ಬೇರೇನನ್ನೂ ಬರೆಯಲಿಲ್ಲ. ಅಂದಿನಿಂದ, ಮಡಿಚಿದ ಪುಟವನ್ನು ನಾನು ತೆರೆಯುವುದಿಲ್ಲ, ಒಪ್ಪಿಗೆಯಿಲ್ಲದೆ ಯಾವ ಪುಟವನ್ನೂ ಇತರರಿಗೆ ಓದಿ ಹೇಳುವುದಿಲ್ಲ ಎಂಬೆರಡು ಮಾತುಗಳನ್ನು ವರ್ಷದ ಮೊದಲ ದಿನವೇ ಮಕ್ಕಳಿಗೆ ಕೊಡುತ್ತ ಬಂದೆ. ಮೂರನೆಯ ಮಾತನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕಾಗುತ್ತದೆ: ಯಾವ ಮಗುವಿಗಾದರೂ ಅಪಾಯವಿದೆಯೆಂದು ನಾನು ಓದಿದ ಪುಟದಿಂದ ತಿಳಿದುಬಂದಲ್ಲಿ ನಾನು ಸುಮ್ಮನಿರಲಾರೆ, ಆ ಮಗುವಿಗೆ ತಿಳಿಸಿಯೇ ನೆರವಾಗಬಲ್ಲವರ ಬಳಿಗೆ ಹೋಗುತ್ತೇನೆ.

ವರ್ಷದ ಕೊನೆಯಲ್ಲಿ, ಪರೀಕ್ಷೆಯ ಗಡಿಬಿಡಿ ಮೊದಲಾಗುವ ಮುನ್ನ, ಮಕ್ಕಳು ತಮ್ಮ ಪುಸ್ತಕವನ್ನು ಜೂನ್ ತಿಂಗಳಿನಿಂದ ತಾವೇ ಓದಿಕೊಂಡು ಬರಬೇಕೆಂಬುದು ನಾನಿಟ್ಟುಕೊಂಡಿದ್ದ ಕಡೆಯ ಅಭ್ಯಾಸ. ಗೋವಿನ ಹಾಡಿನ ಕರುವನ್ನು ಕುರಿತು ಬರೆದಿದ್ದ ಆ ಹುಡುಗಿಯು ಫೆಬ್ರವರಿಯಲ್ಲಿ ತನ್ನ ಹಳೆಯ ಪುಟದ ಕೆಳಗೆ, ಒಂದನ್ನೂ ಹೊಡೆದುಹಾಕದೆ, ಹೊಸದಾಗಿ ನಾಲ್ಕು ಸಾಲು ಸೇರಿಸಿದ್ದಳು. ಆಗ ತನಗೆ ಕರು ಮಾತ್ರ ಕಂಡಿತ್ತೆಂದೂ, ಈ ಸಲದ ಕೊಯ್ಲಿಗೆ ಅಮ್ಮ ಹೊರಟಾಗ ಬಸ್ಸಿನ ಕಿಟಕಿಯಿಂದ ಆಕೆ ಹಿಂದಿರುಗಿ ನೋಡಿದುದನ್ನು ತಾನು ನೋಡಿದೆನೆಂದೂ, ಹಾಡಿನಲ್ಲಿ ಹಸುವು ಹುಲಿಯ ಗವಿಯವರೆಗೆ ನಡೆದುಹೋಗುವ ಆ ದಾರಿಯಲ್ಲಿ ಎಷ್ಟು ಸಲ ನಿಂತಿತೋ ಏನೋ ಎಂದೂ ಬರೆದಿದ್ದಳು. ಆ ನಡಿಗೆಯನ್ನು ಕುರಿತು ಯಾವ ಗೈಡಿನಲ್ಲಿಯೂ ಪ್ರಶ್ನೆಯಿಲ್ಲ, ಉತ್ತರವೂ ಇಲ್ಲ. ನಾನು ಆ ಪುಟದ ಅಂಚಿನಲ್ಲಿ, ನನಗೂ ಇದು ತೋಚಿರಲಿಲ್ಲಮ್ಮ, ಇನ್ನು ಮೇಲೆ ಈ ಹಾಡನ್ನು ಓದುವಾಗ ಆ ದಾರಿಯಲ್ಲಿ ನಾನೂ ನಿಲ್ಲುತ್ತೇನೆ ಎಂದು ಬರೆದು ಪುಸ್ತಕವನ್ನು ಹಿಂದಿರುಗಿಸಿದೆ.

ನಾಳೆ ತರಗತಿಗೆ ಹೋಗಲಿರುವ ನನ್ನ ಅಧ್ಯಾಪಕ ಬಂಧುಗಳು ಪಾಠವನ್ನು ವಿವರಿಸುವ ಮೊದಲು ಹತ್ತು ನಿಮಿಷ ಸುಮ್ಮನಿದ್ದು, ಮಕ್ಕಳೂ ತಾವೂ ಬರೆಯುವಂತಾಗಲಿ ಎಂದು ಪ್ರಾರ್ಥಿಸುತ್ತೇನೆ.